ಜರಡಿಯ ಮೇಲೆ ಉಳಿದದ್ದು

ಮೊಗುಡಂಪಲ್ಲಿಯ ಹೊರಗಿನ ಕುರುಚಲು ಗುಡ್ಡದಲ್ಲಿ ಇಂದು ಸರ್ಕಾರದ ಮಣ್ಣು ಸಮೀಕ್ಷೆಗಾಗಿ ಮಾದರಿ ತೆಗೆದೆ. ಮೊಣಕಾಲಾಳದ ಗುಂಡಿಯಲ್ಲಿ ಮಣ್ಣಿಗಿಂತ ಕೆಂಪು ಗರಸು ಕಲ್ಲೇ ಹೆಚ್ಚು. ನಿಯಮದಂತೆ ಎರಡು ಮಿಲಿಮೀಟರ್ ಜರಡಿಯಲ್ಲಿ ಸೋಸಿ, ಕೆಳಗೆ ಬಿದ್ದ ಪುಡಿಯನ್ನು ಚೀಲಕ್ಕೆ ತುಂಬಿ, ಮೇಲುಳಿದ ಕಲ್ಲನ್ನು ಚೆಲ್ಲಿದೆ.

ಜಹೀರಾಬಾದಿನ ಸಂತೆಗೆಂದು ಸೀತಾಫಲ ಕೀಳುತ್ತಿದ್ದ ಮಲ್ಲಮ್ಮ ಬುಟ್ಟಿ ಇಳಿಸಿ ನೋಡುತ್ತ ನಿಂತರು.

"ಯವ್ವಾ, ಭೂಮಿ ಚೆಲ್ಲಿ ಧೂಳ ಒಯ್ಲತ್ತೀರಲ್ಲ, ಇದೇನ್ ಕಲ್ತೀರಿ?"

"ಕಲ್ಲಿನಾಗ ಸಾರ ಇಲ್ರಿ" ಎಂದೆ.

"ಕಲ್ಲು ಅದಾವಂತನೇ ಇಲ್ಲಿ ನೀರು ನಿಲ್ಲಂಗಿಲ್ಲ, ಬೇರು ಕೊಳೆಯಂಗಿಲ್ಲ. ಕೆಳಗ ಹೊಲದಾಗಿನ ಹಣ್ಣು ತಿಂದು ನೋಡ್ರಿ, ಬರೇ ನೀರು."

ಅವರು ಹೇಳಿದ್ದು ಸರಿಯಾಗಿತ್ತು. ಅಷ್ಟರಲ್ಲಿ ಜೀಪಿನ ಚಾಲಕ ಕೂಗಿದ: "ಮೇಡಂ, ಲಗೂ ಫಾರಂ ಬರೀರಿ, ಹೊತ್ತಾತು."

ಭೂಬಳಕೆಗೆ ಸಮೀಕ್ಷೆಯ ಫಾರಂನಲ್ಲಿದ್ದದ್ದು ಮೂರೇ ಪದ: ಬೇಸಾಯ, ನೆಡುತೋಪು, ಬೀಳು. ಯಾರೂ ನೆಡದೆ ಬೆಳೆದ ಈ ಸೀತಾಫಲದ ಗಿಡಗಳಿಗೆ ಕಾಲಂ ಇರಲಿಲ್ಲ. ಬೀಳು ಎಂದು ಬರೆದರೆ ಗುಡ್ಡವನ್ನು ಮೊರಂ, ಅಂದರೆ ರಸ್ತೆಗೆ ಹಾಕುವ ಈ ಗರಸು, ಅಗೆಯಲು ಕೊಡುತ್ತಾರೆ; ರಸ್ತೆ ಕೆಲಸದ ಲಾರಿ ಆಗಲೇ ಕೆಳಗೆ ಬಂದು ನಿಂತಿತ್ತು. ಷರಾ ಬರೆಯಲು ಅರ್ಧ ಗೆರೆಯ ಜಾಗವಿತ್ತು. ಅದನ್ನು ಖಾಲಿ ಬಿಟ್ಟು, ಬೀಳು ಎಂದು ಗುರುತು ಹಾಕಿದೆ.

"ಏನ್ ಬರ್ದ್ರಿ?" ಎಂದರು ಮಲ್ಲಮ್ಮ.

"ಕಲ್ಲು ಭಾಳ ಅದಾವಂತ."

"ಹಾಂ, ಖರೇ ಬರ್ದ್ರಿ ನೋಡ್ರಿ" ಎಂದು ನಕ್ಕರು. ನನ್ನ ಚೀಲಕ್ಕೆ ಎರಡು ಹಣ್ಣು ಹಾಕಿದರು. ಆಮೇಲೆ ನಾನು ಚೆಲ್ಲಿದ ಕಲ್ಲನ್ನೆಲ್ಲ ಸೆರಗಿಗೆ ಬಾಚಿಕೊಂಡು ಗಿಡದ ಬುಡಕ್ಕೆ ಸುರಿದರು.