ಕೊಕೇಶಿಗೆ ತಲೆ ಕೂರಿಸಿದ ದಿನ

ಚನ್ನಪಟ್ಟಣದಲ್ಲಿ ಅಪ್ಪ ಲೇತಿನ ಮುಂದೆ ಕೂತು ಮರದ ಗೊಂಬೆ ಕಡೆಯುತ್ತಿದ್ದ ಕಾಲದಲ್ಲಿ ನನ್ನನ್ನು ಅದರ ಹತ್ತಿರ ಸುಳಿಯಲೂ ಬಿಟ್ಟವರಲ್ಲ. "ಜಡೆ ಸಿಕ್ಕಾಕ್ಕೊಂಡ್ರೆ ಏನ್ ಗತಿ? ಓಗು, ಓದ್ಕ ಓಗು." ನಾನು ಬಾಗಿಲಲ್ಲಿ ನಿಂತು ನೋಡುತ್ತಾ ಹೊಟ್ಟೆ ಉರಿದುಕೊಳ್ಳುತ್ತಿದ್ದೆ. ಅಣ್ಣನನ್ನು ಮಾತ್ರ ಪಕ್ಕದಲ್ಲೇ ಕೂರಿಸಿಕೊಳ್ಳುತ್ತಿದ್ದರು.

2015ರಲ್ಲಿ ಅಪ್ಪ ಸಿಂಗಪುರಕ್ಕೆ, ನಮ್ಮ ಮನೆಗೆ ಬಂದಿದ್ದರು. ಇಲ್ಲಿನ ಕಾಕಿ ಬುಕಿತ್ ಬಡಾವಣೆಯ ಮರಗೆಲಸದ ಶೆಡ್ಡೊಂದರಲ್ಲಿ ಜಪಾನಿನ ಕೊಕೇಶಿ ಗೊಂಬೆಯ ವರ್ಕ್‌ಶಾಪ್ ಇದೆ ಎಂದು ತಿಳಿದದ್ದೇ ತಡ, ಇಬ್ಬರಿಗೂ ಬುಕ್ ಮಾಡಿಬಿಟ್ಟೆ. ಅಪ್ಪನ ಕಣ್ಣೆದುರೇ ಲೇತ್ ಮುಟ್ಟಿ ಗೆಲ್ಲಬೇಕಿತ್ತು ನನಗೆ, ಅಷ್ಟೇ!

ಕೊಕೇಶಿ ಎಂದರೆ ಕೈಕಾಲಿಲ್ಲದ, ಉದ್ದ ಮೈಯ, ಗುಂಡು ತಲೆಯ ಮರದ ಹುಡುಗಿ. ಜಪಾನಿನಿಂದ ಬಂದಿದ್ದ ವಯಸ್ಸಾದ ಮೇಷ್ಟ್ರು ಮೈ, ತಲೆ ಎರಡನ್ನೂ ಕಡೆದಿಟ್ಟಿದ್ದರು. ತಲೆ ಕೂರಿಸುವುದು ನಮ್ಮ ಪಾಲಿನ ಕೆಲಸ. ಅಂಟಿಲ್ಲ, ಮೊಳೆಯಿಲ್ಲ. ಲೇತಿನಲ್ಲಿ ಮೈ ಗಿರ್ರನೆ ತಿರುಗುವಾಗ ಅದರ ತೂತಿಗೆ ತಲೆಯ ಕೊರಳನ್ನು ಒತ್ತಬೇಕು. ತಿಕ್ಕಾಟದ ಬಿಸಿಗೆ ಅದು ಒಳಗೆ ಕೂರುತ್ತದೆ. ಹದ ತಪ್ಪಿದರೆ ಮೈ ಸೀಳುತ್ತದೆ, ಮತ್ತೆ ಒಬ್ಬರಿಗೆ ಒಂದೇ ಗೊಂಬೆ. ನನಗಿಂತ ಮುಂದಿದ್ದ ಚೀನೀ ಆಂಟಿಯದು ಟಪ್ಪೆಂದು ಸೀಳಿಯೇ ಹೋಯಿತು. "ಐಯಾ, ಗಾನ್ ಲಾ!" ಎಂದು, ಹೋಯಿತಲ್ಲ ಎಂಬಂತೆ ಕೈ ಚೆಲ್ಲಿದರು ಪಾಪ.

ನನ್ನ ಸರದಿ ಬಂತು. ಒತ್ತಿದೆ. ಕಿರ್ರೆಂಬ ಸದ್ದು, ಆಮೇಲೆ ಸುಟ್ಟ ಮರದ ವಾಸನೆ.

"ಸಾಕು ಬುಡವ್ವ, ಸೀಳೋಯ್ತದೆ!" ಸರದಿಗಾಗಿ ನನ್ನ ಹಿಂದೆ ನಿಂತಿದ್ದ ಅಪ್ಪ ಕೂಗಿದರು.

ಬಿಡುವವಳೇ ನಾನು! ಊರಲ್ಲಿ ತಿರುಗುವ ಗೊಂಬೆಗೆ ಬಣ್ಣದ ಅರಗು ಹಚ್ಚುವಾಗ ಮರ ಕಾದ ವಾಸನೆ ಬಂದರೆ ಅಪ್ಪ ಕೈಯನ್ನು ಒಂದು ಚೂರು ಸಡಿಲಿಸಿ, ಉಸಿರು ಬಿಟ್ಟು, ಮತ್ತೆ ಒತ್ತುತ್ತಿದ್ದರು. ಎಷ್ಟು ಸಲ ನೋಡಿಲ್ಲ! ಹಾಗೇ ಮಾಡಿದೆ. ತಲೆ ಟಕ್ಕನೆ ಕೂತಿತು.

ಲೇತ್ ನಿಲ್ಲಿಸಿ ಮೇಷ್ಟ್ರು ಗೊಂಬೆಯ ತಲೆ ತಿರುಗಿಸಿದರು. ಕೀಂಯ್ ಎಂದು ಕೂಗಿತು! ಸರಿಯಾಗಿ ಕೂತರೆ ಮಾತ್ರ ಹಾಗೆ ಕೂಗುವುದಂತೆ. ನಾನು ಎಲ್ಲರೆದುರು ಕುಣಿದಾಡಿಬಿಟ್ಟೆ. ಮೇಷ್ಟ್ರು ನನ್ನ ಕೈ ತೋರಿಸಿ, "ಟೀಚರ್? ಹೂ?" ಎಂದು, ಕಲಿಸಿದವರು ಯಾರೆಂದು ಕೇಳಿದರು.

ಅಪ್ಪ ಮುಂದೆ ನುಗ್ಗಿ ಎದೆ ತಟ್ಟಿಕೊಂಡರು. "ನಾನೇ! ನಾನೇ ಕಲ್ಸಿದ್ದು!"

ಎಂಥಾ ಹಸೀ ಸುಳ್ಳು! ಮೈಯೆಲ್ಲ ಉರಿಯಿತು. ಇಷ್ಟು ವರ್ಷದ್ದನ್ನೆಲ್ಲ ಅಲ್ಲೇ ಆಡಿಬಿಡಬೇಕೆಂದು ಬಾಯಿ ತೆರೆದೆ. ಅಪ್ಪ ನನ್ನ ಮುಖ ನೋಡದೆ, ನನಗೊಬ್ಬಳಿಗೇ ಕೇಳುವಷ್ಟು ಮೆಲ್ಲಗೆ ಹೇಳಿದರು: "ಇಲ್ಲ ಅನ್ಬ್ಯಾಡ ಕಣವ್ವ."

"ಯೆಸ್," ಎಂದೆ ಮೇಷ್ಟ್ರಿಗೆ, ಶೆಡ್ಡಿಗೆಲ್ಲ ಕೇಳುವಂತೆ. "ಮೈ ಫಾದರ್!"