ಕುಬಟೂರಿನ ಪೊಳ್ಳು ಗಾರೆ

ಆಗ ನನಗೆ ಇಪ್ಪತ್ತೆರಡು. ಐವತ್ತು ವರ್ಷದ ಮೇಲಾಯಿತು. ಶಿಕಾರಿಪುರದಿಂದ ಜಡೆಗೆ ಹೊರಟ ಬಸ್ಸು ಕುಬಟೂರಿನಲ್ಲಿ ಕೆಟ್ಟು ನಿಂತಿತು. ಅಲ್ಲಿನ ಹಳೇ ಗುಡಿಗೆ ಗಾರೆ ಬಳಿಯುತ್ತಿದ್ದರು. ನೆರಳಿಗೆಂದು ಹೋಗಿ ಕೂತೆ.

ಮೇಸ್ತ್ರಿ ಕೊಡತಿಯಿಂದ ಗೋಡೆ ಬಡಿದು ನೋಡುತ್ತಿದ್ದ. ಪೊಳ್ಳು ಸದ್ದು ಬಂದಲ್ಲಿ ಹಳೇ ಗಾರೆ ಕೆರೆದು ಹೊಸದು ತುಂಬಬೇಕು. ಒಂದು ಮೂಲೆಗೆ ಬಂದಾಗ ಮಾತ್ರ, ಸುಣ್ಣ ಅರೆಯುವ ಗಂಗಮ್ಮ ಅಡ್ಡ ನಿಂತಳು. ಹೋದ ತಿಂಗಳು ಅವಳ ಗಂಡ ಅಲ್ಲೇ ಸಾರುವೆಯಿಂದ ಬಿದ್ದು ಸತ್ತಿದ್ದನಂತೆ.

"ಇದೊಂದು ನಾಳೆ ಮಾಡ್ರೀ."

"ದಿನಾ ನಾಳೆ ಅಂತೀಯ. ನಿನ್ ಗಂಡ ಏನು ಗೋಡೆ ಒಳಗೆ ಕೂತಾನೇನೆ?" ಎಂದ ಮೇಸ್ತ್ರಿ.

"ನಾ ಬಡಿದ್ರೆ ಅವ್ರೂ ಬಡೀತಾರೆ" ಎಂದು ನನ್ನ ಕಡೆ ತಿರುಗಿದಳು. "ಅಕ್ಕಾ, ನೀವೇ ಬಂದು ಕೇಳ್ರೀ."

ಅವಳು ಬಡಿದಳು. ನಾನು ಕಿವಿಯಿಟ್ಟೆ. "ಬರೀ ಪೊಳ್ಳು ಕಣವ್ವ, ಯಾರೂ ಇಲ್ಲ" ಎಂದೆ. ಅವಳು ಸರಿದು ನಿಂತಳು. ಮೇಸ್ತ್ರಿ ಮೂಲೆ ಕೆರೆದು, ಹಸಿ ಗಾರೆ ಒತ್ತಿ ತುಂಬಿ ನಯ ಮಾಡಿದ.

ರಾತ್ರಿ ಅಲ್ಲೇ ಒಬ್ಬರ ಮನೆಯಲ್ಲಿ ಮಲಗಿದೆ. ಬೆಳಿಗ್ಗೆ ಬಸ್ಸು ಸರಿಯಾಯಿತು. ಹತ್ತುವ ಮುಂಚೆ ಹೋಗಿ ಆ ಮೂಲೆಗೆ ಕಿವಿಯಿಟ್ಟೆ. ಪೊಳ್ಳು ಮುಚ್ಚಿತ್ತು, ಬಡಿಯುವವರೂ ಇರಲಿಲ್ಲ. ಒಳಗಿಂದ ಎರಡು ಸಲ ಸದ್ದು ಬಂತು. ಬಸ್ಸು ಹೋದರೆ ಹೋಗಲಿ ಎಂದು ಗಂಗಮ್ಮನನ್ನು ಕರೆಯಲು ಓಡಿದೆ.