ಬಾಣಂತಿ ಕೋಣೆಯಲ್ಲಿ ಕೇಳಿದ ಎಣಿಕೆ

ಗಾಳಿ ಸೋಕುವುದು, ದೃಷ್ಟಿ ತಾಗುವುದು ಇವನ್ನೆಲ್ಲ ನಾನು ನಂಬಿದವಳಲ್ಲ. ಈಗಲೂ ನಂಬುತ್ತೇನೆಂದು ಹೇಳಲಾರೆ. ನರ್ಸಿಂಗ್ ಪದವಿ ಓದಿ ಕೊರಟಗೆರೆ ತಾಲ್ಲೂಕಿನ ಉಪಕೇಂದ್ರವೊಂದರಲ್ಲಿ ಕೆಲಸಕ್ಕೆ ಸೇರಿದವಳಿಗೆ ಉಸಿರೆಂದರೆ ಎದೆ ಏರಿ ಇಳಿಯುವುದು, ಅಷ್ಟೇ. ಒಂದು ನಿಮಿಷ ಕಣ್ಣು ಕೀಳದೆ ನೋಡಬೇಕು, ಎಣಿಸಬೇಕು. ಹೆಚ್ಚಾದರೂ ಅಪಾಯ, ಕಡಿಮೆಯಾದರೂ ಅಪಾಯ. ಕೆಲವು ವರ್ಷಗಳ ಹಿಂದೆ ಒಂದು ಮಧ್ಯಾಹ್ನ ನಡೆದದ್ದನ್ನು ಮಾತ್ರ ಈ ಲೆಕ್ಕದೊಳಗೆ ಕೂರಿಸಲು ನನ್ನಿಂದ ಆಗಿಲ್ಲ.

ಚನ್ನರಾಯನದುರ್ಗದ ಆಚೆಯ ಹಳ್ಳಿಯೊಂದಕ್ಕೆ ಲತಾ ಎಂಬ ಬಾಣಂತಿಯನ್ನು ನೋಡಲು ಹೋಗಿದ್ದೆ. ಅವಳ ತವರು ಪಾವಗಡದ ಕಡೆ. ಅಲ್ಲಿ ತಾಯಿ ಇಲ್ಲದ್ದರಿಂದ ಬಾಣಂತನ ಗಂಡನ ಮನೆಯಲ್ಲೇ. ಅತ್ತೆ ಪುಟ್ಟತಾಯಮ್ಮ ಬಾಗಿಲಿಗೆ ಅಡ್ಡ ನಿಂತರು.

“ಮದ್ವೆ ಆಗೈತೇನಮ್ಮ ನಿಂಗೆ?”

“ಇಲ್ಲಮ್ಮ.”

“ಹೆರದೇ ಇರೋಳು ಹೆತ್ತೋಳ್ಗೆ ಹೇಳ್ಕೊಡಕ್ಕೆ ಬಂದವ್ಳೆ!”

ತಾಯಿ ಮಗುವಿನ ಉಸಿರಾಟ ನೋಡಿ ಹೋಗುತ್ತೇನೆ ಎಂದೆ. ಅವರ ಮುಖ ಇನ್ನಷ್ಟು ಬಿಗಿಯಾಯಿತು.

“ಉಸ್ರು ಎಣಿಸ್ಬ್ಯಾಡ ಕಣಮ್ಮ. ಅದೇನು ಕೋಳಿಮರಿಯಾ? ಎಣಿಸಿದ್ದು ಮುಗ್ದೋಯ್ತದೆ.”

ನಾನು ನಕ್ಕುಬಿಟ್ಟೆ. ಅವರು ನಗಲಿಲ್ಲ. ನನ್ನನ್ನು ಒಳಗೆ ಬಿಟ್ಟು ಬಾಗಿಲೆಳೆದುಕೊಂಡರು. ಹೊರಗಿನಿಂದ ಚಿಲಕ ಬಿದ್ದ ಸದ್ದು ಕೇಳಿತು.

ಕೋಣೆ ಕತ್ತಲೆಯಾಗಿತ್ತು. ಇದ್ದೊಂದು ಕಿಟಕಿಗೆ ಗೋಣಿಚೀಲ ತುರುಕಿದ್ದರು. ಮೂಲೆಯ ಬಾಣಲೆಯಲ್ಲಿ ಕೆಂಡ, ಅದರ ಮೇಲೆ ಸಾಂಬ್ರಾಣಿ. ಕೆಂಡ ಹೊರಗಿಡಿ ಎಂದು ಕೂಗಿದೆ. ಬಾಗಿಲು ತೆರೆಯಲಿಲ್ಲ. ಲತಾಳ ಉಸಿರು ಜೋರಾಗಿತ್ತು, ಮಾತು ತೊದಲುತ್ತಿತ್ತು. ಮೊದಲು ಮಗುವನ್ನು ನೋಡೋಣವೆಂದು ಬಟ್ಟೆ ಸರಿಸಿ, ಪುಟ್ಟ ಎದೆಯನ್ನು ನೋಡುತ್ತ ಮನಸ್ಸಿನಲ್ಲೇ ಎಣಿಸತೊಡಗಿದೆ. ತುಟಿ ಕೂಡ ಅಲುಗಿಸಿರಲಿಲ್ಲ.

ಇಪ್ಪತ್ತು ದಾಟಿದಾಗ ಇನ್ನೊಂದು ಎಣಿಕೆ ಕಿವಿಗೆ ಬಿತ್ತು. ಸಣ್ಣ ದನಿ, ಬಹಳ ಹತ್ತಿರದಲ್ಲಿ. ಅತ್ತೆ ಬಾಗಿಲ ಸಂದಿಯಲ್ಲಿ ಅಣಕಿಸುತ್ತಿದ್ದಾರೆ ಅಂದುಕೊಂಡೆ. ಆದರೆ ಆ ದನಿ ನನ್ನ ಬೆನ್ನ ಹಿಂದೆ, ಗೋಡೆಯ ಕಡೆಯಿಂದ ಬರುತ್ತಿತ್ತು. ನಾನು ಏರಿಸುತ್ತಿದ್ದೆ, ಅದು ಇಳಿಸುತ್ತಿತ್ತು. ಹದಿನಾಲ್ಕು. ಹದಿಮೂರು. ಅದು ಒಂದು ಅಂಕಿ ಇಳಿಸಿದಂತೆಲ್ಲ ಮಗುವಿನ ಎರಡು ಉಸಿರಿನ ನಡುವಿನ ಬಿಡುವು ಉದ್ದವಾಗುತ್ತಿತ್ತು. ನಾನು ಎಣಿಸುವುದನ್ನು ನಿಲ್ಲಿಸಿದೆ. ಅದು ನಿಲ್ಲಿಸಲಿಲ್ಲ.

ಮಗುವಿನ ತುಟಿ ನೀಲಿಗೆ ತಿರುಗಿತ್ತು. ಅಂಗಾಲು ತಟ್ಟಿದೆ, ಬೆನ್ನು ಉಜ್ಜಿದೆ. ಬಾಗಿಲು ಬಡಿದೆ.

“ತಗೀರಿ! ಮಗು ಉಸಿರಾಡ್ತಿಲ್ಲ!”

“ಗಾಳಿ ಒಳಿಕ್ಕೆ ಬತ್ತದೆ, ಸುಮ್ಕಿರು. ಎಣಿಸ್ಬ್ಯಾಡ ಅಂದ್ನಲ್ಲ!”

“ಊಪಿರಾಡಲೇದಕ್ಕಾ...” ಲತಾ ತನಗೇ ಉಸಿರಾಡಲಾಗುತ್ತಿಲ್ಲವೆಂದು ತೆಲುಗಿನಲ್ಲಿ ಗೊಣಗಿ ಗೋಡೆಗೆ ಒರಗಿದಳು.

ನಾಲ್ಕು. ಮೂರು. ಆ ದನಿಗೆ ಅವಸರವೇ ಇರಲಿಲ್ಲ. ಮಗುವನ್ನು ಎದೆಗವಚಿಕೊಂಡು ಕಿಟಕಿಯತ್ತ ಹಾರಿದೆ. ಗೋಣಿಚೀಲ ಕಿತ್ತೆಸೆಯುವಾಗ ಕಿವಿಯ ಪಕ್ಕದಲ್ಲೇ ‘ಎರಡು’ ಎಂದಿತು. ಬೆಳಕು, ಗಾಳಿ ಒಟ್ಟಿಗೆ ನುಗ್ಗಿದವು. ಮಗುವಿನ ಮುಖವನ್ನು ಸರಳುಗಳಿಗೆ ಒಡ್ಡಿ ಬೆನ್ನು ಉಜ್ಜುತ್ತಲೇ ಇದ್ದೆ. ಒಮ್ಮೆ ಬಿಕ್ಕಿತು. ಆಮೇಲೆ ಅತ್ತಿತು.

ಅಳು ಕೇಳಿದ ಮೇಲೆ ಚಿಲಕ ತೆರೆಯಿತು. “ಕಿಟ್ಕಿ ಚೀಲ ಯಾಕ್ ಕಿತ್ತೆ?” ಎಂದು ಪುಟ್ಟತಾಯಮ್ಮ ನನ್ನ ಮೇಲೆ ಕೈ ಎತ್ತಿಕೊಂಡೇ ಬಂದರು. ಸೊಸೆಯ ಸ್ಥಿತಿ ನೋಡಿ ಆ ಕೈ ಇಳಿಯಿತು. ಆಂಬುಲೆನ್ಸ್ ಕರೆಸಿ ತಾಯಿ ಮಗುವನ್ನು ಆಸ್ಪತ್ರೆಗೆ ಸಾಗಿಸಿದೆ. ಇಬ್ಬರೂ ಉಳಿದರು. ಮುಚ್ಚಿದ ಕೋಣೆಯ ಕೆಂಡದ ಹೊಗೆ, ಇನ್ನು ಸ್ವಲ್ಪ ಹೊತ್ತಾಗಿದ್ದರೆ ನೀವೂ ಬೀಳುತ್ತಿದ್ದಿರಿ ಎಂದರು ವೈದ್ಯರು. ನಾನು ಒಪ್ಪಿದೆ. ದನಿಯನ್ನೂ ಅದೇ ಹೊಗೆಯ ಖಾತೆಗೆ ಹಾಕಿದೆ. ಬಾಣಂತಿ ಕೋಣೆಯಲ್ಲಿ ಕೆಂಡ ಇಡಬೇಡಿ ಎಂದು ಇಂದಿಗೂ ಮನೆಮನೆಗೆ ಹೇಳುತ್ತೇನೆ.

ಮಗುವಿಗೆ ಚುಚ್ಚುಮದ್ದು ಹಾಕಿಸಲು ಬಂದ ದಿನ ಲತಾ ತಗ್ಗಿದ ದನಿಯಲ್ಲಿ ಕೇಳಿದಳು.

“ಅಕ್ಕಾ, ಅವತ್ತು ನೀವ್ಯಾಕೆ ಹಿಂದ್ಮುಂದಾಗಿ ಎಣಿಸ್ತಿದ್ರಿ?”

“ನಾನಾ?”

“ನಿಮ್ದೇ ದನಿ. ಎರಡರವರ್ಗೂ ಕೇಳಿಸ್ತು.”

ನಾನೇ ಮಂಪರಿನಲ್ಲಿ ಹಾಗೆ ಎಣಿಸಿದೆನೆ? ಹಾಗಿದ್ದರೆ ಅದು ನನಗೆ ಬೆನ್ನ ಹಿಂದಿನಿಂದ ಕೇಳಿದ್ದು ಹೇಗೆ? ಗೊತ್ತಿಲ್ಲ. ಅದು ‘ಒಂದು’ ಎಂದದ್ದನ್ನು ನಾನೂ ಕೇಳಲಿಲ್ಲ, ಅವಳೂ ಕೇಳಲಿಲ್ಲ. ಇವತ್ತಿಗೂ ಹೊಸ ಮಗುವಿನ ಎದೆಯ ಮೇಲಿನ ಬಟ್ಟೆ ಸರಿಸಿದಾಗ ನನ್ನ ನಾಲಿಗೆ ಒಂದು ಕ್ಷಣ ತಡೆಯುತ್ತದೆ. ನಾನು ಎಣಿಕೆ ಶುರು ಮಾಡಬೇಕಾದದ್ದು ಆ ಅಂಕಿಯಿಂದಲೇ.